ಮಾತು ಕೇಳದ ಇಂಜಿನ್ನು

ನನ್ನ ಬಲಗಾಲಿನ ಮೇಲೆ ಈವರೆಗೆ ಎರಡು ಸಲ ಅಪವಾದ ಬಂದಿದೆ. ಎರಡೂ ಸಲ ಕೆಟ್ಟಿದ್ದು ಯಂತ್ರ, ಬೈಸಿಕೊಂಡಿದ್ದು ಕಾಲು.

ಮೊದಲನೆಯದು ಮದುವೆಯಾಗಿ ಮಧುಗಿರಿಗೆ ಬಂದ ಹೊಸದರಲ್ಲಿ. ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬಂದ ವಾರದಲ್ಲೇ ತೋಟದ ಬೋರ್‌ವೆಲ್ಲಿನ ಮೋಟರು ಸುಟ್ಟುಹೋಯಿತು. ನೆಂಟರ ಪೈಕಿಯ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಹೊಸ ಸೊಸೆಯ ಕಾಲ್ಗುಣ ಹೇಗೋ ಏನೋ ಅಂತ ರಾಗ ತೆಗೆದರು. ಒಲೆಯ ಮುಂದಿದ್ದ ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಕರೆಂಟು ಕಮ್ಮಿ ಬಂದು ಮೋಟ್ರು ಸುಟ್ರೆ ಕಾಲು ಏನ್ ಮಾಡ್ತು? ವೈಂಡಿಂಗ್ ಮಾಡುಸುದ್ರೆ ಆಯ್ತದೆ ಬುಡಿ" ಅಂದರು, ಅಷ್ಟೇ. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಆ ಮಾತು ಕೇಳಿಸಿತು. ಅತ್ತೆಯನ್ನು ನಾನು ಇಷ್ಟಪಡತೊಡಗಿದ್ದು ಅವತ್ತಿನಿಂದ.

ಎರಡನೆಯ ಅಪವಾದ ಈಚಿನದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವಳು. ವರ್ಗಾವಣೆಯಲ್ಲಿ ನನಗೆ ಸಿಕ್ಕಿದ್ದು ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ಲಿನ ಕಡೆಯ ಒಂದು ಊರು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿಗೇನೂ ಬರವಿಲ್ಲ. ಅಲ್ಲಿಂದ ಆ ಊರಿಗೆ ಹೋಗುವ ಬಸ್ಸಿನದು ಮಾತ್ರ ತನ್ನದೇ ಮರ್ಜಿ. ಬಂದರೆ ಬಂತು, ಇಲ್ಲದಿದ್ದರೆ ನಾನು ಆಟೋದವರ ಮುಖ, ಬೈಕಿನವರ ಮುಖ ನೋಡಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಶಾಲೆಗೆ ತಡವಾಗಿ ಹೋಗಿ ಮಕ್ಕಳ ಮುಂದೆ ತಲೆ ತಗ್ಗಿಸುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಕೊನೆಗೆ ಉಳಿದದ್ದು ಎರಡೇ ದಾರಿ. ಪಾವಗಡದಲ್ಲಿ ಒಂದು ರೂಮು ಮಾಡಿಕೊಂಡು ಶನಿವಾರಕ್ಕೊಮ್ಮೆ ಮನೆಗೆ ಬರುವುದು, ಇಲ್ಲವೇ ಮನೆಯಲ್ಲಿದ್ದ ಹಳೆಯ ಕಾರನ್ನು ಓಡಿಸಲು ಕಲಿಯುವುದು.

ರೂಮಿನ ಮಾತು ಬಂದ ದಿನ ಅತ್ತೆ ಬೇಡವೆಂದೂ ಹೇಳಲಿಲ್ಲ, ಹೂಂ ಅಂತಲೂ ಹೇಳಲಿಲ್ಲ. ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಒಮ್ಮೆ ಕೇರಿ, ಆ ಕಡೆ ನೀರು ಗಡಸಂತೆ, ಬೇಳೆ ಬೇಯುವುದಿಲ್ಲವಂತೆ ಅಂದರು. ನಾನು ಆ ಮಾತನ್ನು ಬೇಳೆಯ ವಿಚಾರ ಎಂದೇ ತಿಳಿದು, ಕುಕ್ಕರಿನಲ್ಲಿ ಎಲ್ಲವೂ ಬೇಯುತ್ತದೆ ಅಂತ ಸಮಾಧಾನ ಹೇಳಿದೆ.

ಕಾರು, ನಮ್ಮ ಮನೆಯವರು ಪರಿಚಯದವರೊಬ್ಬರಿಂದ ಕೊಂಡಿದ್ದ ಬಿಳಿಯ ಪೆಟ್ರೋಲ್ ಗಾಡಿ. ಇವರು ಆಫೀಸಿಗೆ ಬೈಕಿನಲ್ಲಿ ಹೋಗುತ್ತಿದ್ದರಿಂದ ಕಾರು ಹೊರಡುತ್ತಿದ್ದದ್ದು ಭಾನುವಾರ ಕೊರಟಗೆರೆಯ ನನ್ನ ತವರಿಗೋ, ಯಾವುದಾದರೂ ಮದುವೆ ಮುಂಜಿಗೋ. ಈಗಿನ ಕಾರುಗಳಂತೆ ಅದರೊಳಗೆ ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ. ಕಾಲಡಿಯ ಪೆಡಲಿನಿಂದ ಇಂಜಿನ್ನಿನವರೆಗೆ ಒಂದು ಕೇಬಲ್ಲು, ಅದರ ತುದಿಗೆ ಬೆರಳುದ್ದದ ಒಂದು ಲಿವರ್ರು, ಆ ಲಿವರನ್ನು ಹಿಂದಕ್ಕೆ ಎಳೆಯಲು ಒಂದು ಸ್ಪ್ರಿಂಗು. ಕಾಲು ಒತ್ತಿದರೆ ಕೇಬಲ್ಲು ಲಿವರನ್ನು ತೆರೆಯುತ್ತದೆ, ಇಂಜಿನ್ನಿನ ಸದ್ದು ಏರುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ, ಸದ್ದು ಇಳಿಯುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಾಗಲು ನನಗೆ ಒಂದು ಇಡೀ ಮಾಗಿ ಬೇಕಾಯಿತು.

ಬೆಳಗಿನ ಚಳಿಯಲ್ಲಿ, ಊರು ಏಳುವ ಮೊದಲು, ಬೆಟ್ಟದ ಹಿಂಬದಿಯ ಬಯಲಿನಲ್ಲಿ ನನ್ನ ಪಾಠ. ಗುರುಗಳು ಮನೆಯವರೇ. ಊರಿಗೆಲ್ಲ ತಾಳ್ಮೆಗೆ ಹೆಸರಾದ ಮನುಷ್ಯ, ಕಾರಿನಲ್ಲಿ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತ ಕೂಡಲೇ ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು. ಹೊರಡುವ ಮುನ್ನ ಅವರದೊಂದು ಶಾಸ್ತ್ರವಿತ್ತು. ಬಾನೆಟ್ ಎತ್ತಿ, ಕಡ್ಡಿ ಕೊಟ್ಟು, ರೇಡಿಯೇಟರಿಗೆ ನೀರು ನೋಡಬೇಕು. ಚೊಂಬು ತರುತ್ತೇನೆಂದು ಒಳಗೆ ಹೋದವರು ಮೇಜಿನ ಮೇಲಿನ ಪೇಪರಿಗೆ ಸಿಕ್ಕಿಕೊಂಡು, ಚೊಂಬಿನೊಂದಿಗೆ ಹೊರಬರುವ ಹೊತ್ತಿಗೆ ಅತ್ತೆ ಅಂಗಳ ಗುಡಿಸಿ ನೀರು ಹಾಕಿ ರಂಗೋಲಿಯ ಎಳೆ ಮುಗಿಸಿರುತ್ತಿದ್ದರು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಕ್ಲಚ್ಚು, ಗೇರು, ಬ್ರೇಕು ಒಂದೊಂದಾಗಿ ನನ್ನ ಕೈಗೆ ಕಾಲಿಗೆ ಬಂದವು. ಆಮೇಲೆ ಒಂದು ಬೆಳಿಗ್ಗೆ, ಗೇರು ಬದಲಿಸಲು ಕಾಲು ತೆಗೆದೆ, ಸದ್ದು ಇಳಿಯಲಿಲ್ಲ. ಇಂಜಿನ್ನು ಅರಚುತ್ತಲೇ ಇತ್ತು, ತುಂಬ ಹೊತ್ತಿನ ಮೇಲೆ ಒಲ್ಲದ ಮನಸ್ಸಿನಿಂದ ಇಳಿಯಿತು. ಎಕ್ಸಲೇಟರಿನಿಂದ ಕಾಲು ತೆಗಿ ಅಂದರು ಇವರು. ತೆಗೆದಿದ್ದೇನೆ ಅಂದೆ. ತೆಗೆದಿದ್ದರೆ ಯಾಕೆ ರೈಸ್ ಆಗುತ್ತದೆ ಅಂದರು. ದಿನವೂ ಇದೇ ಜಗಳ. ಬಯಲನ್ನು ನಾಲ್ಕಾರು ಸುತ್ತು ಹಾಕಿದ ಮೇಲೆ, ಏಳು ನೋಡೋಣ ಅಂತ ಇವರು ನನ್ನ ಜಾಗದಲ್ಲಿ ಕೂರುತ್ತಿದ್ದರು. ಅವರು ಒತ್ತಿದರೆ ಏರುತ್ತಿತ್ತು, ತೆಗೆದರೆ ಇಳಿಯುತ್ತಿತ್ತು. ಕಾರು ಅವರ ಮುಂದೆ ಸಾಧು, ನನ್ನ ಮುಂದೆ ಚಂಡಿ.

"ಗಾಡಿ ನೆಟ್ಟಗೈತೆ ಕಣೇ. ನಿನ್ ಕಾಲೇ ಭಾರ" ಅಂದರು ಒಂದು ದಿನ.

ಇಷ್ಟು ಸಲ ಕೇಳಿದರೆ ಯಾವ ಮನುಷ್ಯ ತಾನೇ ನಂಬುವುದಿಲ್ಲ? ನಾನೂ ನಂಬಿದೆ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸಿದೆ. ಕಾಲು ತೆಗೆದಿದ್ದೇನೆಯೋ ಇಲ್ಲವೋ ಅಂತ ಬಗ್ಗಿ ನೋಡಲು ಹೋಗಿ ಒಂದು ಹುತ್ತದ ತನಕ ಹೋಗಿ ನಿಲ್ಲಿಸಿದೆ. ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತಾಗ ಕೂಡ ಬಲಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದೆ. ಲೈಸೆನ್ಸಿನ ಟೆಸ್ಟಿನ ದಿನ ನಮ್ಮ ಸರದಿ ಬರುವಷ್ಟರಲ್ಲಿ ಗಾಡಿ ನಿಂತು ನಿಂತು ತಣ್ಣಗಾಗಿತ್ತು. ಹೊರಟು, ನಿಲ್ಲಿಸಿ, ರಿವರ್ಸ್ ತೆಗೆಯುವಾಗ ಇಂಜಿನ್ನು ಬೊಬ್ಬೆ ಹೊಡೆಯಿತು. ಗಾಬರಿಯಲ್ಲಿ ಕ್ಲಚ್ಚು ಬಿಟ್ಟೆ, ಗಾಡಿ ಕಂಬದ ಕಡೆ ಹಾರಿತು. ಟೆಸ್ಟ್ ಮಾಡುವವರು ಕೆಟ್ಟದಾಗೇನೂ ಮಾತಾಡಲಿಲ್ಲ. ಕಾಲಿನ ಮೇಲೆ ಹಿಡಿತ ಬರಲಿ ಮೇಡಂ, ಇನ್ನೊಂದು ಸಲ ಬನ್ನಿ ಅಂದರು. ಮೆತ್ತಗೆ ಹೇಳಿದ್ದರಿಂದಲೇ ಅದು ಹೆಚ್ಚು ಚುಚ್ಚಿತು.

ಆದರೂ ಮನಸ್ಸಿನ ಒಂದು ಮೂಲೆ ಗಾಡಿಯ ಮೇಲೆ ಅನುಮಾನ ಬಿಟ್ಟಿರಲಿಲ್ಲ. ಸಿರಾದ ಹತ್ತಿರ ಅತ್ತೆಯ ತವರಿನಲ್ಲಿ ಒಂದು ನಾಮಕರಣವಿತ್ತು. ಹೋಗುವಾಗ ಹಟ ಹಿಡಿದು, ಸಿರಾದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಇವರು ಗಾಡಿ ನಿಲ್ಲಿಸುವಂತೆ ಮಾಡಿದೆ. ಆತ ಬಾನೆಟ್ ಎತ್ತಿ ಕೈಯಲ್ಲೇ ಇಂಜಿನ್ನನ್ನು ಏರಿಸಿದ, ಇಳಿಸಿದ. "ಬಿಲ್ಕುಲ್ ಠೀಕ್ ಐತಲ್ಲಮ್ಮಾ" ಅಂದ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಹಳೇ ಕೇಬಲ್ಲು ತೆಗೆದು ಹೊಸದು ಹಾಕಿದ, ಅಲ್ಲಿ ಇಲ್ಲಿ ಪೆಟ್ರೋಲಿನಲ್ಲಿ ತೊಳೆದ, ಎಲ್ಲಿಂದಲಾದರೂ ಗಾಳಿ ಸೋರುತ್ತಿದೆಯೇ ಅಂತ ರಬ್ಬರು ಪೈಪುಗಳನ್ನು ಒತ್ತಿ ನೋಡಿದ. ಮರುದಿನ ಬೆಳಿಗ್ಗೆ ಬಯಲಿನಲ್ಲಿ ಅದೇ ಅರಚಾಟ. ಇನ್ನೊಂದು ದಿನ ಇವರೇ ನನ್ನನ್ನು ಪಾವಗಡಕ್ಕೆ ಬಿಡಲು ಬಂದಾಗ ಅಲ್ಲಿಯ ಮೆಕ್ಯಾನಿಕ್ಕಿಗೆ ತೋರಿಸಿದೆವು. ಆತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಗಾಡಿ ಬಾಗುಂದಿ ಮೇಡಂ, ಏನೂ ಆಗಿಲ್ಲ, ಕಾಲು ಸ್ವಲ್ಪ ಮೆಲ್ಲಗೆ ಇಡಿ ಅಂದು, ನಮ್ಮ ಸಮಾಧಾನಕ್ಕೆ ಒಂದು ಸ್ಕ್ರೂ ತಿರುಗಿಸಿ ಗಾಡಿ ನಿಂತಿರುವಾಗ ಇಂಜಿನ್ನು ತಿರುಗುವ ವೇಗವನ್ನು ತಗ್ಗಿಸಿದ. ಅದರಿಂದ ಆದ ಉಪಕಾರವೆಂದರೆ ಗಾಡಿ ಬೆಳಿಗ್ಗೆ ಅರಚುವುದು, ಮಧ್ಯಾಹ್ನ ಹಂಪ್ ಸಿಕ್ಕಿದಲ್ಲೆಲ್ಲ ಆಫ್ ಆಗುವುದು.

ಇಬ್ಬರು ಮೆಕ್ಯಾನಿಕ್ಕುಗಳು, ಒಬ್ಬ ಗಂಡ, ಟೆಸ್ಟಿನ ಸಾಹೇಬರು, ಎಲ್ಲರ ತೀರ್ಪೂ ಒಂದೇ ಆದ ಮೇಲೆ ನನ್ನ ಅಪೀಲು ಯಾರಿಗೆ? ರಾತ್ರಿ ಊಟಕ್ಕೆ ಕೂತಾಗ, ಎರಡನೇ ಟೆಸ್ಟಿಗೆ ನಾನು ಹೋಗುವುದಿಲ್ಲ, ಪಾವಗಡದಲ್ಲಿ ರೂಮು ನೋಡಿ ಅಂತ ಹೇಳಿದೆ. ಅತ್ತೆ ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟೆಯಲ್ಲೇ ಇಟ್ಟರು. ಆಮೇಲೆ, ಟೆಸ್ಟು ಇರುವುದು ಮುಂದಿನ ವಾರ ಅಲ್ಲವಾ, ಅಲ್ಲಿಗಂಟ ಬೆಳಿಗ್ಗೆ ಬಯಲಿಗೆ ಹೋಗುವುದನ್ನು ಬಿಡಬೇಡ ಅಂದರು.

ಮಾರನೆಯ ದಿನ ಭಾನುವಾರ. ಇವರು ಕಟಿಂಗ್ ಶಾಪಿಗೆ ಹೋಗಿದ್ದರು. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ಕಾರಿನ ಮುಂದಿನ ಚಕ್ರದ ಹತ್ತಿರ ಇರುವೆಗಳ ಸಾಲು ಕಂಡೆ. ಕೆಂಪಿರುವೆ. ಗೇಟಿನ ಬುಡದಿಂದ ಹೊರಟು, ಟೈರು ಹತ್ತಿ, ಒಳಗೆಲ್ಲೋ ಮಾಯವಾಗುತ್ತಿದ್ದವು. ಅಡುಗೆಮನೆಯಲ್ಲಿ ಬಾಳಿದವರಿಗೆ ಇರುವೆ ಸಾಲು ಕಂಡರೆ ಅದರ ಇನ್ನೊಂದು ತುದಿ ನೋಡದೆ ಸಮಾಧಾನವಿರುವುದಿಲ್ಲ. ಸೀಟಿನ ಕೆಳಗೆ ಬಿಸ್ಕತ್ತು ಬಿದ್ದಿರಬೇಕೆಂದು ಬಾಗಿಲು ತೆಗೆದು ನೋಡಿದೆ. ಅಲ್ಲಿ ಒಂದು ಇರುವೆಯೂ ಇಲ್ಲ. ಬಾನೆಟ್ ಎತ್ತಿದೆ.

ಇಂಜಿನ್ನಿನ ಮೇಲೆ ಕಪ್ಪು ಮುಚ್ಚಳದ, ರೊಟ್ಟಿ ಹೆಂಚಿನಷ್ಟು ಅಗಲದ ಒಂದು ಡಬ್ಬಿಯಿದೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವುದು ಅದೇ. ಅದರ ಅಂಚಿನಲ್ಲಿ ಒಂದು ಕಂದು ಬಣ್ಣದ ಚೂರು, ಅರ್ಧ ಕರಗಿ ಅಂಟಿಕೊಂಡಿತ್ತು. ಅಲ್ಲಿಂದ ಒಂದು ಗೆರೆ ಕೆಳಗೆ ಇಳಿದು, ಆ ಪುಟ್ಟ ಲಿವರಿನ ಮೇಲೆ, ಸ್ಪ್ರಿಂಗಿನ ಸುರುಳಿಗಳ ಮೇಲೆ ಹರಡಿ, ಧೂಳು ಮೆತ್ತಿಕೊಂಡು, ಗ್ರೀಸಿನ ಹಾಗೇ ಕಾಣುತ್ತಿತ್ತು. ಇರುವೆಗಳ ಜಾತ್ರೆಯೆಲ್ಲ ಅದರ ಸುತ್ತ. ಬೆರಳಿನಿಂದ ಮುಟ್ಟಿದೆ. ಅಂಟು. ಮೂಸಿ ನೋಡಿದೆ. ಆಮೇಲೆ, ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲಿಗೆಗೆ ಹಚ್ಚಿ ನೋಡಿದೆ.

ಬೆಲ್ಲ.

ಬೆರಳಿನಿಂದ ಲಿವರನ್ನು ಎಳೆದು ಬಿಟ್ಟೆ. ಅದು ಟಕ್ ಅಂತ ಹಿಂದೆ ಹೋಗಬೇಕಾದದ್ದು, ನಿದ್ದೆಗಣ್ಣಿನಲ್ಲಿ ಎದ್ದವರ ಹಾಗೆ ಮೆಲ್ಲಗೆ, ನಿಂತು ನಿಂತು ಹೋಯಿತು. ನಾನು ಮುಟ್ಟಿದ್ದು ಬರೀ ಕೈಯಲ್ಲಿ. ನನ್ನ ಕಾಲು ಅಂಗಳದ ನೆಲದ ಮೇಲಿತ್ತು.

ಅಲ್ಲಿಂದಾಚೆ ಒಂದಾದ ಮೇಲೊಂದು ತಾನಾಗಿಯೇ ಬಿಡಿಸಿಕೊಂಡಿತು. ಬೆಲ್ಲದ ಪಾಕ ಬಿಸಿಯಿದ್ದಾಗ ಹರಿಯುತ್ತದೆ, ಆರಿದರೆ ಹಿಡಿದುಕೊಳ್ಳುತ್ತದೆ. ಚಳಿಯ ಬೆಳಗಿನಲ್ಲಿ ಗಾಡಿ ತೆಗೆಯುತ್ತಿದ್ದವಳು ನಾನು, ಆಗ ಸ್ಪ್ರಿಂಗು ಪಾಕದಲ್ಲಿ ಹುಗಿದುಕೊಂಡಿರುತ್ತಿತ್ತು. ನಾನು ನಾಲ್ಕಾರು ಸುತ್ತು ಹಾಕಿ ಇಂಜಿನ್ನು ಕಾದ ಮೇಲೆ ಇವರು ಕೂರುತ್ತಿದ್ದರು, ಆಗ ಪಾಕ ಸಡಿಲವಾಗಿರುತ್ತಿತ್ತು. ಸಿರಾಕ್ಕೆ, ಪಾವಗಡಕ್ಕೆ ಅಷ್ಟು ದೂರ ಓಡಿ ಬೆವರಿದ ಗಾಡಿಯನ್ನು ನೋಡಿ ಮೆಕ್ಯಾನಿಕ್ಕುಗಳು ಸರಿಯಿದೆ ಅಂದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಪೆಟ್ರೋಲಿನಲ್ಲಿ ತೊಳೆದರೂ ಹೋಗದಿದ್ದದ್ದು ಯಾಕೆಂದರೆ ಬೆಲ್ಲ ಪೆಟ್ರೋಲಿಗೆ ಕರಗುವ ಪದಾರ್ಥವಲ್ಲ. ಇಂಜಿನ್ನಿನೊಳಗೆ ಬೆಲ್ಲದ ಪಾಕ ಇರಬಹುದೆಂದು ಯಾವ ಊರಿನ ಮೆಕ್ಯಾನಿಕ್ಕು ತಾನೇ ಯೋಚಿಸುತ್ತಾನೆ?

ಪಾಕ ಹಿಡಿದ ಪಾತ್ರೆಗೆ ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿತ್ತು. ಒಳಗೆ ಹೋಗಿ ನೀರು ಕಾಯಿಸಿ ತಂದೆ. ಬಟ್ಟೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ, ಗಾಳಿಯ ಡಬ್ಬಿಯೊಳಗೆ ಒಂದು ಹನಿಯೂ ಹೋಗದಂತೆ, ಲಿವರನ್ನೂ ಸ್ಪ್ರಿಂಗನ್ನೂ ಸುರುಳಿ ಸುರುಳಿಯಾಗಿ ಒರೆಸಿದೆ. ಕಂದು ನೀರು ಇಳಿಯಿತು. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟು, ಲಿವರನ್ನು ಎಳೆದು ಬಿಟ್ಟೆ. ಟಕ್. ಮತ್ತೆ ಎಳೆದೆ. ಟಕ್. ಅದೇನು ಅಷ್ಟು ಚೆಂದದ ಸದ್ದೋ ನನಗೆ ಗೊತ್ತಿಲ್ಲ, ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಇಷ್ಟು ದಿನ ನನ್ನ ಮೈಯಲ್ಲೇ ಇದ್ದ ಕಾಲನ್ನು ಪರರ ಕಾಲಿನಂತೆ ನೋಡುತ್ತಿದ್ದೆ, ಅದು ನನಗೆ ವಾಪಸು ಸಿಕ್ಕ ಹಾಗಾಯಿತು.

ಸಂತೋಷದ ಹಿಂದೆಯೇ ಸಿಟ್ಟು ಬಂತು. ನನಗೆ ಅದು ಯಾವಾಗಲೂ ಬೇಗ ಬರುತ್ತದೆ. ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ಅಧಿಕಾರವಿರುವುದು ಒಬ್ಬರಿಗೇ. ಉಳಿದಿದ್ದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದೆ. ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೈ ಚಾಚಿದೆ. ಅವರು ಚೂರನ್ನು ನೋಡಿದರು, ನನ್ನ ಮುಖ ನೋಡಿದರು.

"ಇನ್ನೂ ತಿಂದಿಲ್ವಾ ಅದು?" ಅಂದರು.

ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಎದುರು ಕೂತು ಕೇಳಿದೆ, ಅವರು ಅವರೆಕಾಯಿ ಬಿಡಿಸುತ್ತಲೇ ಹೇಳಿದರು. ಅವರ ತವರಿನಲ್ಲಿ ಹೊಸ ಹೋರಿಗೆ ಮೊದಲ ಸಲ ನೊಗ ಕಟ್ಟುವಾಗ ಅವರಪ್ಪ ಅದರ ಬಾಯಿಗೆ ಬೆಲ್ಲ ಕೊಡುತ್ತಿದ್ದರಂತೆ. ನಾಲಿಗೆಗೆ ಸಿಹಿ ಹತ್ತಿದ ಹೋರಿ ಕೈಗೆ ಒಗ್ಗುತ್ತದೆ, ನೇಗಿಲ ಮೇಳಿ ಹಿಡಿದವರ ಮಾತು ಕೇಳುತ್ತದೆ ಅಂತ ನಂಬಿಕೆ. ಪಳಗುವ ತನಕ ದಿನವೂ ಕೊಡಬೇಕು. ಕಾರಿಗೆ ಬಾಯಿ ಎಲ್ಲಿ ಅಂತ ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಮಗ ಬಾನೆಟ್ ಎತ್ತಿದಾಗ, ಇದು ಉಸಿರು ಎಲ್ಲಿಂದ ಎಳೆದುಕೊಳ್ಳುತ್ತೆ ಅಂತ ಕೇಳಿದ್ದಾರೆ. ಮಗರಾಯರು ಆ ಕಪ್ಪು ಡಬ್ಬಿಯನ್ನು ತಟ್ಟಿ ತೋರಿಸಿದ್ದಾರೆ. ಅಲ್ಲಿಂದ ದಿನಾ ಬೆಳಿಗ್ಗೆ, ಮಗ ಚೊಂಬು ತರಲು ಹೋಗಿ, ನಾನು ಎತ್ತಿದ ಬಾನೆಟ್ಟಿನ ಹಿಂದೆ ಸೀಟಿನಲ್ಲಿ ಕೂತಿರುವಾಗ, ಅತ್ತೆ ಕಸಬರಿಕೆ ಕೆಳಗಿಟ್ಟು, ಸೆರಗಿನ ತುದಿಯಿಂದ ಒಂದು ಚೂರು ಬೆಲ್ಲ ತೆಗೆದು ಅಲ್ಲಿಟ್ಟು ಕೈಮುಗಿದಿದ್ದಾರೆ. ಮರುದಿನ ನೋಡಿದರೆ ಬೆಲ್ಲ ಇರುತ್ತಿರಲಿಲ್ಲವಂತೆ. ಗಾಡಿ ತಿಂತು ಅಂದುಕೊಂಡರಂತೆ. ನಾನು ಟೆಸ್ಟಿನಲ್ಲಿ ಫೇಲಾದ ಮೇಲೆ ಚೂರನ್ನು ಸ್ವಲ್ಪ ದೊಡ್ಡದು ಮಾಡಿದರಂತೆ.

ನನಗೆ ಯಾಕೆ ಹೇಳಲಿಲ್ಲ ಅಂದೆ. ಮೇಷ್ಟ್ರಮ್ಮ, ನೀನು ನಗಾಡುತ್ತೀಯ ಅಂತ ಹೇಳಲಿಲ್ಲ ಅಂದರು. ಆಮೇಲೆ ಕೈ ನಿಲ್ಲಿಸಿದರು.

"ನೀನು ಪಾವಗಡದಾಗೆ ಮನೆ ಮಾಡ್ಬುಟ್ರೆ ನಂಗೆ ಈ ಮನೇಲಿ ಅನ್ನ ಇಳಿತದೇನಮ್ಮ? ಅದುಕ್ಕೇ ಕೊಟ್ಟೆ. ಗಾಡಿ ನಿನ್ ಮಾತ್ ಕೇಳ್ಲಿ, ನೀನು ಸಾಯಂಕಾಲಕ್ಕೆ ಮನೀಗ್ ಬರಂಗಾಗ್ಲಿ ಅಂತ."

ಬೇಳೆ ಬೇಯುವುದಿಲ್ಲ ಅಂದದ್ದರ ಅರ್ಥ ನನಗೆ ಆಗ ಆಯಿತು. ಮಕ್ಕಳಿಗೆ ಪದ್ಯದ ಭಾವಾರ್ಥ ಬಿಡಿಸಿ ಹೇಳುವವಳು ನಾನು.

ಸ್ಪ್ರಿಂಗು ಅಂಟಿಕೊಂಡ ಕತೆಯನ್ನು ಹೇಳದಿರಲು ಮನಸ್ಸು ಮಾಡಿದೆ. ಆದರೆ ಅತ್ತೆಯ ಕಣ್ಣು ನನ್ನ ಕೈಯಲ್ಲಿದ್ದ ಕಂದು ಬಟ್ಟೆಯ ಮೇಲಿತ್ತು, ಅದರ ಮೇಲೆ ಓಡಾಡುತ್ತಿದ್ದ ಇರುವೆಯ ಮೇಲಿತ್ತು. ಪಾಕ ಕಾಯಿಸಿ ಪಾತ್ರೆ ತಿಕ್ಕಿದ ಹೆಂಗಸಿಗೆ ನಾನು ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ಹಂಗಾರೆ ನೀನು ಇಷ್ಟು ದಿನ ಬೈಸಿಕೊಂಡಿದ್ದು ನನ್ನಿಂದಲೇನಮ್ಮ ಅಂದರು. ಅವರ ದನಿ ಅಷ್ಟು ಕುಗ್ಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಸ್ಪ್ರಿಂಗು ಅಂಟ್ಕಂಡ್ರೆ ಬೆಲ್ಲ ಏನ್ ಮಾಡ್ತು ಅತ್ತೆ? ಬಿಸ್ನೀರಲ್ಲಿ ತೊಳುದ್ರೆ ಆಯ್ತದೆ ಬುಡಿ."

ಅಷ್ಟು ವರ್ಷದ ಹಿಂದಿನ ತಮ್ಮದೇ ಮಾತು ಅವರಿಗೆ ನೆನಪಿತ್ತೋ ಇಲ್ಲವೋ ತಿಳಿಯದು. ಒಂದು ಕ್ಷಣ ನನ್ನನ್ನೇ ನೋಡಿ, ಮೊರದ ಮೇಲೆ ಬಗ್ಗಿ ನಗತೊಡಗಿದರು. ಇವರು ಕಟಿಂಗ್ ಮುಗಿಸಿ ಬಂದಾಗ ಅತ್ತೆ ಸೊಸೆ ಇಬ್ಬರೂ ಅವರೆಕಾಳಿನ ಮಧ್ಯೆ ಕೂತು ನಗುತ್ತಿದ್ದೆವು, ಅವರಿಗೆ ತಮ್ಮ ತಲೆಯ ಮೇಲೇ ಅನುಮಾನ ಬಂದು ಕನ್ನಡಿ ನೋಡಲು ಹೋದರು.

ಮರುದಿನ ಬೆಳಿಗ್ಗೆ, ಬಯಲಿನಲ್ಲಿ, ಇಂಜಿನ್ನು ಇನ್ನೂ ತಣ್ಣಗಿರುವಾಗಲೇ ಒತ್ತಿದೆ, ಬಿಟ್ಟೆ. ಸದ್ದು ಏರಿತು, ಇಳಿಯಿತು. ಬೇಕೆಂದೇ ಇನ್ನೂ ನಾಲ್ಕು ಸಲ ಒತ್ತಿ ಬಿಟ್ಟೆ. ಇವರು ಕಿಟಕಿಯಾಚೆ ಬೆಟ್ಟವನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಕೊನೆಗೆ, ಪಾವಗಡದವನು ತಿರುಗಿಸಿದ ಆ ಸ್ಕ್ರೂವನ್ನು ನಾನೇ ಮೊದಲಿನಂತೆ ತಿರುಗಿಸಿ ಕೊಡುತ್ತೇನೆ ಅಂದರು. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ರೀತಿ ಹೀಗೆಯೇ, ನಾನು ಅದನ್ನು ಒಪ್ಪಿಕೊಂಡೆ.

ಟೆಸ್ಟಿನ ದಿನ ಹೊರಡುವಾಗ ಬಾನೆಟ್ ಎತ್ತಿತ್ತು. ಇವರು ಚೊಂಬಿಗೆ ಹೋಗಿದ್ದರು. ಅತ್ತೆ ರಂಗೋಲಿ ಮುಗಿಸಿ ಎದ್ದು, ಕೈ ಒರೆಸಿಕೊಂಡು, ಸೆರಗಿನ ತುದಿ ಬಿಚ್ಚಿದರು. ನಾನು ಮತ್ತೆ ಬಿಸಿನೀರು ಕಾಯಿಸುವ ಲೆಕ್ಕ ಹಾಕತೊಡಗಿದೆ. ಬೆಲ್ಲ ಹಿಡಿದು ಅವರು ಗಾಡಿಯ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ತಿರುಗಿ ನನ್ನ ಹತ್ತಿರ ಬಂದು, ಬಾಯಿ ತೆಗಿ ಅಂದರು. "ಗಾಡಿಗ್ ತಿನ್ಸಿದ್ದು ಸಾಕು. ಹೊಡೆಯೋಳು ನೀನಲ್ವಾ" ಅಂತ ಬೆಲ್ಲವನ್ನು ನನ್ನ ನಾಲಿಗೆಯ ಮೇಲಿಟ್ಟರು.

ಆ ಸಿಹಿ ಟೆಸ್ಟಿನ ಮೈದಾನದವರೆಗೂ ಬಾಯಲ್ಲಿತ್ತು. ಹೊರಟೆ, ನಿಲ್ಲಿಸಿದೆ, ರಿವರ್ಸ್ ಬಂದೆ. ಕಂಬದ ಹತ್ತಿರ ಕಾಲು ತೆಗೆದೆ. ಇಂಜಿನ್ನಿನ ಸದ್ದು ಇಳಿಯಿತು.

ಮೈದಾನದಿಂದ ನೇರ ಶಾಲೆಗೆ ಹೋಗಿ, ಸಂಜೆ ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಕೂತಿದ್ದರು. ಮಗ ಅಷ್ಟು ಹೊತ್ತಿಗಾಗಲೇ ಫೋನಿನಲ್ಲಿ ಎಲ್ಲ ಹೇಳಿದ್ದರೂ ನನ್ನ ಬಾಯಿಂದಲೇ ಕೇಳಬೇಕೆಂದು ಕಾದಿದ್ದರು. ಪಾಸಾ ಅಂತ ಅವರು ಕೇಳಲಿಲ್ಲ.

"ಕೇಳ್ತಾ?" ಅಂದರು.

"ಕೇಳ್ತು ಅತ್ತೆ" ಅಂದೆ.

ಎದ್ದು ಒಳಗೆ ಹೋಗಿ ಬೇಳೆಗೆ ಇಟ್ಟರು, ಮೂವರಿಗೆ.